ಬಲಾರ್ಧವಿಚಾರ: ಭಾರಶ್ರಮ, ರಕ್ತದ ಒತ್ತಡ ಮತ್ತು ಹೃದಯದ ಚೇತರಿಕೆ

೧. ವಿಷಯಪ್ರವೇಶ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯು ಸೂಳೆಕೆರೆಗೆ ಸಮೀಪವಾದ ಗ್ರಾಮ. ಬತ್ತವೂ ಅಡಕೆಯೂ ಬೆಳೆಯುವ ಆ ಸೀಮೆಯಲ್ಲಿ ಭಾರವನ್ನೆತ್ತುವುದು ಸುಗ್ಗಿಯ ಕಾಲದ ನಿತ್ಯಕರ್ಮ. ಕಣದಿಂದ ಗಾಡಿಗೆ, ಗಾಡಿಯಿಂದ ಉಗ್ರಾಣಕ್ಕೆ ಚೀಲವು ಸಾಗಬೇಕಾದರೆ ಯಾರದಾದರೂ ಬೆನ್ನು ಬಾಗಲೇಬೇಕು. ದಾವಣಗೆರೆಯ ಸೀಮೆಯು ಕುಸ್ತಿಗೂ ಹೆಸರಾದುದು. ಗರಡಿಯ ಮಟ್ಟಿಯಲ್ಲಿ ಸಾಮುಮಾಡುವ ತರುಣನು ದಂಡೆ ಹೊಡೆಯುತ್ತಾನೆ, ಬಸ್ಕಿ ತೆಗೆಯುತ್ತಾನೆ, ಲೋಡು ತಿರುಗಿಸುತ್ತಾನೆ, ಗುಂಡುಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತುತ್ತಾನೆ. ಹೀಗೆ ಭಾರವು ಒಬ್ಬನಿಗೆ ಜೀವನೋಪಾಯ, ಮತ್ತೊಬ್ಬನಿಗೆ ಸಾಧನೆ.

ಈ ಭಾರವು ಹೃದಯಕ್ಕೆ ಹಿತವೋ ಅಹಿತವೋ ಎಂಬ ಪ್ರಶ್ನೆಗೆ ಲೋಕದಲ್ಲಿ ಎರಡು ಪಕ್ಷಗಳುಂಟು. ರಕ್ತದ ಒತ್ತಡ ಹೆಚ್ಚಾಗಿರುವವನು ಭಾರವನ್ನು ಮುಟ್ಟಲೇ ಕೂಡದೆಂಬುದು ಒಂದು. ಎತ್ತಿದಷ್ಟೂ ಎದೆ ಗಟ್ಟಿಯಾಗುವುದೆಂಬುದು ಇನ್ನೊಂದು. ಮೊದಲನೆಯ ಪಕ್ಷದವನು ಹಿತವಾದುದನ್ನು ಬಿಟ್ಟು ಕುಳಿತಲ್ಲಿಯೇ ಕುಗ್ಗುತ್ತಾನೆ. ಎರಡನೆಯ ಪಕ್ಷದವನು ಉಸಿರನ್ನು ಬಿಗಿಹಿಡಿದು ಅಪಾಯವನ್ನು ತಾನಾಗಿ ಕರೆದುಕೊಳ್ಳುತ್ತಾನೆ. ಎರಡು ಪಕ್ಷಗಳೂ ಆಯುರ್ವೇದದ ಗ್ರಂಥಗಳನ್ನು ಸಾಕ್ಷಿಗೆ ಕರೆಯಬಹುದಾಗಿರುವುದರಿಂದ ಆ ಗ್ರಂಥಗಳ ಮಾತಿನ ಅರ್ಥನಿರ್ಣಯವು ಕೇವಲ ಪಂಡಿತರ ವಿನೋದವಲ್ಲ. ಅದರಲ್ಲಿ ಪ್ರಾಣದ ಪ್ರಶ್ನೆಯೇ ಅಡಗಿದೆ. ಬಲಾರ್ಧವೆಂಬ ಪ್ರಾಚೀನ ಪರಿಭಾಷೆಯನ್ನು ಮೊದಲು ಗ್ರಂಥಗಳಲ್ಲಿ ಪರಿಶೀಲಿಸಿ, ಅನಂತರ ಈ ಕಾಲದ ಮಾಪನಗಳೊಡನೆ ಹೋಲಿಸಿ, ಅದರ ತಾತ್ಪರ್ಯವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಾಸ್ತ್ರಕಾರರ ಮತ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವ್ಯಾಯಾಮದ ಲಕ್ಷಣವು ಉಕ್ತವಾಗಿದೆ. ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ತರುವ ಉದ್ದೇಶದಿಂದ ಮಾಡುವ ಶರೀರಚೇಷ್ಟೆಯೇ ವ್ಯಾಯಾಮ. ಅದನ್ನು ಮಾತ್ರೆಯರಿತು ಆಚರಿಸತಕ್ಕದ್ದು ಎಂದು ಅಲ್ಲಿನ ಅಭಿಪ್ರಾಯ. ಮಾತ್ರೆಯೆಂದರೆ ಪ್ರಮಾಣ. ಅದನ್ನು ಮೀರಿದವನಿಗೆ ಶ್ರಮ, ಕ್ಲಮ, ಕ್ಷಯ, ತೃಷ್ಣೆ, ರಕ್ತಪಿತ್ತ, ಶ್ವಾಸಬಾಧೆ, ಕೆಮ್ಮು, ಜ್ವರ, ವಾಂತಿ ಇವುಗಳುಂಟಾಗುವುವೆಂದೂ, ಅಂಥವನು ಆನೆಯನ್ನು ಎಳೆಯಹೊರಟ ಸಿಂಹದಂತೆ ಹಠಾತ್ತಾಗಿ ನಾಶಹೊಂದುವನೆಂದೂ ಎಚ್ಚರಿಕೆಯಿದೆ. ಈ ಉಪಮಾನದ ಸ್ವಾರಸ್ಯವನ್ನು ಗಮನಿಸಬೇಕು. ಸಿಂಹವು ದುರ್ಬಲಪ್ರಾಣಿಯಲ್ಲ, ಆನೆಯನ್ನು ಕೊಲ್ಲಲು ಸಮರ್ಥವೆಂದು ಕವಿಸಮಯದಲ್ಲಿ ಪ್ರಸಿದ್ಧವಾದುದು. ಅದು ಕೆಡುವುದು ಬಲವಿಲ್ಲದುದರಿಂದಲ್ಲ, ಬಲವನ್ನೆಲ್ಲ ಒಂದೇ ಸಾರಿ ವ್ಯಯಮಾಡುವುದರಿಂದ. ಎಚ್ಚರಿಕೆಯು ಬಲಹೀನನಿಗಿಂತ ಬಲಿಷ್ಠನಿಗೇ ಉದ್ದಿಷ್ಟವಾದುದೆಂದು ಇದರಿಂದ ತೋರುತ್ತದೆ.

ಪ್ರಮಾಣವು ಎಷ್ಟೆಂಬುದನ್ನು ಸುಶ್ರುತಸಂಹಿತೆಯು ಚಿಕಿತ್ಸಾಸ್ಥಾನದ ಇಪ್ಪತ್ತುನಾಲ್ಕನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸುತ್ತದೆ. ತನಗಿರುವ ಬಲದ ಅರ್ಧದಿಂದ ಮಾತ್ರ ವ್ಯಾಯಾಮವನ್ನು ಮಾಡತಕ್ಕದ್ದು; ಹಾಗಲ್ಲದಿದ್ದರೆ ಅದೇ ಕೊಲ್ಲುವುದು. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಹೃದಯದಲ್ಲಿ ನೆಲೆಸಿದ ವಾಯುವು ವ್ಯಾಯಾಮ ಮಾಡುವವನ ಬಾಯಿಗೆ ಬಂದಾಗ ಅದು ಬಲಾರ್ಧದ ಲಕ್ಷಣವೆಂದು ಉತ್ತರ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವುಗಳನ್ನು ನೋಡಿಯೇ ವ್ಯಾಯಾಮ ಮಾಡಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ ಈ ಲಕ್ಷಣದೊಡನೆ ಬಾಯಿ ಒಣಗುವುದನ್ನೂ, ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಒಡೆಯುವುದನ್ನೂ ಹೇಳುತ್ತಾನೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅರ್ಧಶಕ್ತಿಯ ವ್ಯಾಯಾಮವನ್ನು ಬಲಿಷ್ಠರಿಗೆ, ಸ್ನಿಗ್ಧಾಹಾರಿಗಳಿಗೆ, ಶೀತಕಾಲ ಮತ್ತು ವಸಂತಗಳಲ್ಲಿ ವಿಧಿಸಿ, ಇತರ ಋತುಗಳಲ್ಲಿ ಅದಕ್ಕಿಂತ ಮಂದವಾಗಿರಲೆನ್ನುತ್ತಾನೆ. ವ್ಯಾಯಾಮವು ಮುಗಿದ ಮೇಲೆ ಮೈಯನ್ನು ಸುಖವಾಗುವಂತೆ ಸುತ್ತಲೂ ಮರ್ದಿಸಿಕೊಳ್ಳಬೇಕೆಂದೂ ಹೇಳುತ್ತಾನೆ.

ಇಲ್ಲಿ ಒಂದು ಪಾಠದ ವಿಚಾರವುಂಟು. ಚರಕದ ಕೆಲವು ಪಾಠಗಳಲ್ಲಿ ಸಮ್ಯಗ್ವ್ಯಾಯಾಮದ ಲಕ್ಷಣಗಳಾಗಿ ಬೆವರು ಬರುವುದು, ಉಸಿರು ಹೆಚ್ಚುವುದು, ಅವಯವಗಳು ಹಗುರವಾಗುವುದು ಎಂಬಿವುಗಳೊಡನೆ ಹೃದಯಾದಿಗಳ ಉಪರೋಧವೂ ಪಠಿತವಾಗಿದೆ. ಉಪರೋಧವೆಂದರೆ ತಡೆ, ಬಿಗಿತ. ಇದನ್ನು ಎದೆನೋವೆಂದು ಅರ್ಥಮಾಡಿದರೆ ಎದೆ ನೋಯುವವರೆಗೆ ಭಾರವೆತ್ತುವುದೇ ಶಾಸ್ತ್ರಸಮ್ಮತವೆಂದು ಆಗಿಬಿಡುತ್ತದೆ. ಅದು ಅಸಂಗತ. ಅದೇ ಪಟ್ಟಿಯಲ್ಲಿ ಲಾಘವವು ಸಹಚರವಾಗಿರುವುದರಿಂದ, ನೋವೂ ಹಗುರತನವೂ ಒಟ್ಟಿಗೆ ಇರಲಾರವಾದುದರಿಂದ, ಉಪರೋಧವೆಂಬುದಕ್ಕೆ ಎದೆಯು ಬಲವಾಗಿ ಬಡಿದುಕೊಂಡು ಇನ್ನು ಸಾಕೆಂದು ತಾನೇ ತಡೆಯೊಡ್ಡುವುದೆಂಬ ಅರ್ಥವೇ ಯುಕ್ತ. ಹಾಗೆಂದಾಗ ಚರಕದ ಲಕ್ಷಣವೂ ಸುಶ್ರುತನ ಲಕ್ಷಣವೂ ಪರಸ್ಪರ ಸಂವಾದಿಯಾಗುತ್ತವೆ: ಎರಡೂ ನಿಲ್ಲಿಸಬೇಕಾದ ಎಲ್ಲೆಯನ್ನೇ ಸೂಚಿಸುತ್ತವೆ.

೩. ಕರ್ಣಾಟಕದ ಸಂಪ್ರದಾಯ

ಶಾಸ್ತ್ರದ ಈ ವಿಧಿಯು ಕರ್ಣಾಟಕದಲ್ಲಿ ಪುಸ್ತಕದಲ್ಲಿಯೇ ಉಳಿದುದಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದಲೂ ಪ್ರಸಿದ್ಧ. ಅದರ ಮಲ್ಲವಿನೋದಪ್ರಕರಣದಲ್ಲಿ ಮಲ್ಲರ ಭೇದಗಳೂ ಅವರ ಅಭ್ಯಾಸಗಳೂ ವರ್ಣಿತವಾಗಿವೆ. ಭಾರವನ್ನೆತ್ತುವುದು ಭಾರಶ್ರಮ, ನಡಿಗೆಯು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆಯು ಸ್ತಂಭಶ್ರಮ. ಎಲ್ಲವನ್ನೂ ಶ್ರಮವೆಂದೇ ಕರೆದು, ಭಾರವನ್ನು ಅವುಗಳಲ್ಲಿ ಒಂದನ್ನಾಗಿ ಮಾತ್ರ ಎಣಿಸಿರುವುದು ಗಮನಾರ್ಹ. ಭಾರವನ್ನೆತ್ತುವ ಅಥವಾ ತಡೆಗೆ ಎದುರಾಗಿ ಸ್ನಾಯುಗಳನ್ನು ದುಡಿಸುವ ವ್ಯಾಯಾಮಕ್ಕೆ ಈ ಕಾಲದಲ್ಲಿಯೂ ಸೋಮೇಶ್ವರನ ಭಾರಶ್ರಮಶಬ್ದಕ್ಕಿಂತ ಉತ್ತಮವಾದ ಹೆಸರು ದೊರೆಯುವುದು ಕಷ್ಟ.

ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವುದಕ್ಕೆ ಮುಂಚೆ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಬಳಿಕ ಕತ್ತಿಯನ್ನು ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಧನೆಮಾಡಿ, ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿಯಾಡಿ, ಕಡೆಗೆ ಕುದುರೆಯನ್ನೇರಿ ಬೆಳಗಾಗುವವರೆಗೆ ಬಯಲಿನಲ್ಲಿ ಓಡಿಸುತ್ತಿದ್ದನಂತೆ. ಸ್ನೇಹಪಾನ, ಅಭ್ಯಂಗ, ಭಾರ, ಬೆವರು, ಮಲ್ಲಯುದ್ಧ ಎಂಬ ಈ ಕ್ರಮವು ವಾಗ್ಭಟನ ಸ್ನಿಗ್ಧಾಹಾರಿಯಾದ ಬಲಿಷ್ಠನನ್ನು ನೆನಪಿಗೆ ತರುತ್ತದೆ. ಬೆವರನ್ನೇ ಅಳತೆಯಾಗಿ ಇಟ್ಟುಕೊಂಡಿರುವುದೂ ಗ್ರಂಥಗಳ ಲಕ್ಷಣಕ್ಕೆ ಅನುಗುಣವಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರವರು ವ್ಯಾಯಾಮಶಾಲೆಯನ್ನು ನಡೆಸಿ, ಲೋಹದ ಭಾರಗಳ ಪಾಶ್ಚಾತ್ಯಕ್ರಮವನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿ ಬೋಧಿಸಿದರು. ಶಾಂತಲಾ, ರೂಪದರ್ಶಿ ಎಂಬ ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲ ಸಾಹಿತ್ಯಾಭ್ಯಾಸಿಗಳು, ಆ ಲೇಖನಿಯನ್ನು ಹಿಡಿದ ಕೈಯು ಭಾರವನ್ನೆತ್ತಿದ ಕೈಯೂ ಆಗಿತ್ತೆಂಬುದನ್ನು ಮರೆಯಬಾರದು.

೪. ಒತ್ತಡದ ಮಾಪನ

ಪ್ರಾಚೀನರಿಗೆ ನಾಡಿ, ಉಸಿರು, ಬೆವರು ಇವೇ ಸಾಧನಗಳಾಗಿದ್ದುವು. ರಕ್ತನಾಳದೊಳಗಿನ ಒತ್ತಡವನ್ನು ಅಳೆಯುವ ಪ್ರಯತ್ನವು ಸ್ಟೀಫನ್ ಹೇಲ್ಸನಿಂದ ಮೊದಲಾಯಿತು. ಅವನು ಕುದುರೆಯ ಧಮನಿಗೆ ಕೊಳವೆಯನ್ನು ಸೇರಿಸಿ ರಕ್ತವು ಏರಿದ ಎತ್ತರವನ್ನು ಅಳೆದು ೧೭೩೩ರಲ್ಲಿ ಪ್ರಕಟಿಸಿದನು. ಇಟಲಿಯ ರಿವಾ ರೋಚ್ಚಿಯು ೧೮೯೬ರಲ್ಲಿ ತೋಳಿಗೆ ಸುತ್ತುವ ಪಟ್ಟಿಯ ಯಂತ್ರವನ್ನು ರಚಿಸಿದನು. ರಷ್ಯದ ಕೊರೊಟ್ಕೊವನು ೧೯೦೫ರಲ್ಲಿ ಆ ಪಟ್ಟಿಯ ಕೆಳಗೆ ಕೇಳುವ ಶಬ್ದಗಳಿಂದ ಎರಡು ಅಂಕಿಗಳನ್ನು ಗುರುತಿಸುವ ಕ್ರಮವನ್ನು ತಿಳಿಸಿದನು. ಹೃದಯವು ಸಂಕೋಚಗೊಂಡಾಗಿನದು ಮೇಲಿನ ಅಂಕಿ, ವಿಕಾಸಗೊಂಡಾಗಿನದು ಕೆಳಗಿನ ಅಂಕಿ. ವಿಶ್ರಾಂತನಾದ ಆರೋಗ್ಯವಂತನಲ್ಲಿ ಇವು ಸುಮಾರು ೧೨೦ ಮತ್ತು ೮೦ ಮಿಲಿಮೀಟರು ಪಾದರಸ.

ಭಾರವನ್ನೆತ್ತುವಾಗ ಇವು ಎಲ್ಲಿಗೆ ಏರುತ್ತವೆಂಬುದನ್ನು ಕೆನಡಾದ ಮ್ಯಾಕ್‌ಡೂಗಲ್ ಮತ್ತು ಅವರ ಸಹಚರರು ೧೯೮೫ರಲ್ಲಿ ಪ್ರಕಟಿಸಿದರು. ಅಭ್ಯಾಸವುಳ್ಳ ಐವರು ತರುಣರ ತೋಳಿನ ಧಮನಿಯೊಳಗೇ ಸೂಕ್ಷ್ಮನಾಳವನ್ನಿರಿಸಿ ಅಳೆದಾಗ, ಎರಡು ಕಾಲುಗಳಿಂದ ಅತಿಭಾರವನ್ನು ತಳ್ಳುವ ಸಮಯದಲ್ಲಿ ಒತ್ತಡದ ಸರಾಸರಿಯು ೩೨೦ ಮತ್ತು ೨೫೦ಕ್ಕೆ ಏರಿತ್ತು. ಒಬ್ಬನಲ್ಲಿ ಅದು ೪೮೦ ಮತ್ತು ೩೫೦ನ್ನೂ ಮೀರಿತ್ತು. ಭಾರವನ್ನು ಇಳಿಸಿದೊಡನೆ ಅದು ಕೆಳಗಿಳಿಯಿತು.

ಇದಕ್ಕೆ ಕಾರಣಗಳು ಮೂರು. ಬಿಗಿದ ಸ್ನಾಯುವು ತನ್ನೊಳಗಿನ ರಕ್ತನಾಳಗಳನ್ನು ಅದುಮುವುದರಿಂದ ರಕ್ತದ ಹಾದಿಗೆ ತಡೆಯುಂಟಾಗುವುದು ಮೊದಲನೆಯದು. ದುಡಿಯುವ ಸ್ನಾಯುವಿನಿಂದಲೂ ಮೆದುಳಿನಿಂದಲೂ ಹೊರಡುವ ನರಸಂದೇಶಗಳು ಹೃದಯವನ್ನು ತ್ವರೆಗೊಳಿಸಿ ಇತರ ನಾಳಗಳನ್ನು ಕಿರಿದುಗೊಳಿಸುವುದು ಎರಡನೆಯದು. ಸ್ನಾಯುವಿನ ಪಾಲನ್ನು ಅಲಂ ಮತ್ತು ಸ್ಮರ್ಕ್ ಎಂಬವರು ೧೯೩೭ರಲ್ಲಿಯೇ ತೋರಿಸಿದ್ದರು. ಉಸಿರನ್ನು ಕಟ್ಟಿ, ಗಂಟಲನ್ನು ಮುಚ್ಚಿ, ಮುಕ್ಕುವುದು ಮೂರನೆಯದು. ಎದೆಗೂಡಿನೊಳಗಿನ ಒತ್ತಡವು ನೇರವಾಗಿ ಧಮನಿಗಳಿಗೆ ಸೇರುವುದರಿಂದ ಇದೇ ಮೂರರಲ್ಲಿ ಅತಿ ತೀಕ್ಷ್ಣವಾದುದು. ೧೭೦೪ರಲ್ಲಿ ಕಿವಿಯ ವಿಷಯದ ಗ್ರಂಥದಲ್ಲಿ ಇಂಥ ಪ್ರಯೋಗವನ್ನು ವರ್ಣಿಸಿದ ಇಟಲಿಯ ವಾಲ್ಸಾಲ್ವನ ಹೆಸರಿನಿಂದ ವೈದ್ಯರು ಇದನ್ನು ಕರೆಯುತ್ತಾರೆ. ಕನ್ನಡಿಗರು ಇದಕ್ಕೆ ದಮ್ಮುಕಟ್ಟುವುದೆನ್ನುತ್ತಾರೆ.

ಸುಶ್ರುತನ ಲಕ್ಷಣದ ಸೂಕ್ಷ್ಮತೆಯು ಇಲ್ಲಿ ವ್ಯಕ್ತವಾಗುತ್ತದೆ. ಹೃದಯದ ವಾಯುವು ಬಾಯಿಗೆ ಬರಬೇಕಾದರೆ ದಾರಿಯು ತೆರೆದಿರಬೇಕು. ದಮ್ಮುಕಟ್ಟಿದವನಲ್ಲಿ ವಾಯುವು ಬಾಯಿಗೆ ಬರುವುದೇ ಇಲ್ಲ; ಆದುದರಿಂದ ಅವನಿಗೆ ಬಲಾರ್ಧದ ಅರಿವೇ ಉಂಟಾಗುವುದಿಲ್ಲ. ಅಳತೆಗೋಲನ್ನೇ ಮುರಿದುಕೊಂಡು ಅಳೆಯಹೊರಟವನಂತೆ ಅವನು ಎಲ್ಲೆಯನ್ನು ದಾಟುತ್ತಾನೆ. ದಂಡೆ ಬಸ್ಕಿಗಳಲ್ಲಿ ಉಸಿರು ಚಲನೆಯೊಡನೆ ಹರಿಯುತ್ತಿರುತ್ತದೆ. ಗುಂಡುಕಲ್ಲನ್ನು ಪಂದ್ಯಕ್ಕಾಗಿ ಒಂದೇ ಏಟಿಗೆ ಎತ್ತುವಾಗ ಅದು ಕಟ್ಟಿಹೋಗುತ್ತದೆ. ಗರಡಿಯೊಂದೇ ಆದರೂ ಹೃದಯದ ದೃಷ್ಟಿಯಿಂದ ಇವು ಎರಡು ಬೇರೆ ಕರ್ಮಗಳು.

೫. ಅಭ್ಯಾಸದ ಫಲ

ಎತ್ತುವ ಕ್ಷಣದಲ್ಲಿ ಒತ್ತಡವು ಏರುವುದಾದರೆ ನಿತ್ಯವೂ ಎತ್ತುವವನಲ್ಲಿ ಅದು ಶಾಶ್ವತವಾಗಿ ಏರಿಯೇ ನಿಲ್ಲುವುದೆಂದು ಊಹಿಸಬಹುದು. ವಾಸ್ತವವು ಹಾಗಲ್ಲ. ಮಿತವಾದ ಭಾರಶ್ರಮವಾದ ಮೇಲೆ ಕೆಲವು ಗಂಟೆಗಳ ಕಾಲ ಒತ್ತಡವು ಮೊದಲಿಗಿಂತಲೂ ಕೆಳಗಿರುವುದು ಕಂಡುಬಂದಿದೆ. ವಾರಗಟ್ಟಲೆ ಅಭ್ಯಾಸ ಮಾಡಿದರೆ ವಿಶ್ರಾಂತಿಯ ಒತ್ತಡವೇ ಸ್ವಲ್ಪ ಇಳಿಯುತ್ತದೆ. ೨೦೨೩ರಲ್ಲಿ ಎಡ್ವರ್ಡ್ಸ್ ಮೊದಲಾದವರು ೧೫,೮೨೭ ಜನರನ್ನೊಳಗೊಂಡ ೨೭೦ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಭಾರವನ್ನು ಎತ್ತಿ ಇಳಿಸುವ ವ್ಯಾಯಾಮದಿಂದ ಮೇಲಿನ ಅಂಕಿಯು ಸುಮಾರು ೪.೬, ಕೆಳಗಿನದು ೩.೦ ಮಿಲಿಮೀಟರು ಇಳಿದಿತ್ತು. ನಡಿಗೆ ಓಟ ಮೊದಲಾದುವುಗಳಿಂದ ೪.೫ ಮತ್ತು ೨.೫, ಎರಡನ್ನೂ ಕೂಡಿಸಿದರೆ ೬.೦ ಮತ್ತು ೨.೫. ಎಲ್ಲಕ್ಕಿಂತ ಹೆಚ್ಚಾಗಿ, ಅಂದರೆ ೮.೨ ಮತ್ತು ೪.೦ರಷ್ಟು ಇಳಿಸಿದುದು ಚಲನೆಯಿಲ್ಲದೆ ಸ್ನಾಯುವನ್ನು ಬಿಗಿದು ನಿಲ್ಲುವ ಸ್ಥಿರಶ್ರಮ.

ಈ ಕೊನೆಯ ಫಲವು ವಿರೋಧಾಭಾಸದಂತೆ ತೋರಬಹುದು. ಬಿಗಿತವೇ ಒತ್ತಡವನ್ನು ಏರಿಸುವುದಲ್ಲವೆ? ಸಮಾಧಾನವು ಪ್ರಮಾಣದಲ್ಲಿದೆ. ಆ ಪರೀಕ್ಷೆಗಳಲ್ಲಿ ಪ್ರಚಲಿತವಾದ ಮುಷ್ಟಿಬಂಧದ ಕ್ರಮದಲ್ಲಿ ಒಬ್ಬನ ಪೂರ್ಣಶಕ್ತಿಯ ೧೦೦ರಲ್ಲಿ ೩೦ರಷ್ಟನ್ನು ಮಾತ್ರ ಬಳಸಿ, ಎರಡೆರಡು ನಿಮಿಷದಂತೆ ನಾಲ್ಕು ಸಲ, ನಡುವೆ ವಿಶ್ರಾಂತಿಯನ್ನು ಕೊಟ್ಟು, ವಾರಕ್ಕೆ ಮೂರು ದಿನ ಮಾಡಿಸುತ್ತಾರೆ. ಉಸಿರು ಸಹಜವಾಗಿ ಆಡುತ್ತಿರುತ್ತದೆ. ಬಲದ ಅರ್ಧಕ್ಕೂ ಒಳಗಿರುವ ಶ್ರಮವಿದು.

ಕೆರೆಬಿಳಚಿಯ ಚೀಲಕ್ಕೆ ಹೆಚ್ಚು ಹತ್ತಿರವಾದ ಫಲವೊಂದಿದೆ. ಮ್ಯಾಕ್‌ಕಾರ್ಟ್ನಿ ಮೊದಲಾದವರು ೧೯೯೩ರಲ್ಲಿ ವಯಸ್ಸಾದ ಪುರುಷರಿಗೆ ಭಾರದ ಅಭ್ಯಾಸ ಮಾಡಿಸಿ, ಅಭ್ಯಾಸಕ್ಕೆ ಮುಂಚೆ ಎತ್ತಿದ ಭಾರವನ್ನೇ ಮತ್ತೆ ಎತ್ತಿಸಿ ನೋಡಿದರು. ಅದೇ ಭಾರಕ್ಕೆ ರಕ್ತದ ಒತ್ತಡವು ಮೊದಲಿನಷ್ಟು ಏರಲಿಲ್ಲ. ಭಾರವು ಬದಲಾಗಿರಲಿಲ್ಲ, ಬಲವು ಬದಲಾಗಿತ್ತು. ಮೊದಲು ಪೂರ್ಣಬಲಕ್ಕೆ ಸಮೀಪವಾಗಿದ್ದ ಹೊರೆಯು ಈಗ ಅದರ ಅಂಶಮಾತ್ರವಾಗಿತ್ತು. ಹೀಗೆ ಬಲಾರ್ಧವೆಂಬುದು ಭಾರದ ಅಳತೆಯಲ್ಲ, ಹೊರುವವನ ಅಳತೆ. ಒಂದೇ ಚೀಲವು ಅಣ್ಣನಿಗೆ ಅರ್ಧ, ತಮ್ಮನಿಗೆ ಪೂರ್ಣ, ಕಾಯಿಲೆಯಿಂದೆದ್ದ ತಂದೆಗೆ ಅಸಾಧ್ಯ. ಜೀವನದಲ್ಲಿ ಭಾರವನ್ನು ತಪ್ಪಿಸಿಕೊಳ್ಳಲಾರದವನು ಮಿತವಾದ ಅಭ್ಯಾಸದಿಂದ ತನ್ನ ಅರ್ಧವನ್ನು ದೊಡ್ಡದಾಗಿಸಿಕೊಳ್ಳುವುದೇ ಹೃದಯರಕ್ಷಣೆಯ ಉಪಾಯ.

೬. ಹೃದಯದ ಚೇತರಿಕೆ

ಶ್ರಮವು ಹೇಗೆ ಮುಗಿಯುತ್ತದೆಂಬುದೂ ಶ್ರಮದಷ್ಟೇ ಮುಖ್ಯ. ವ್ಯಾಯಾಮವು ನಿಂತೊಡನೆ ನಾಡಿಯ ಬಡಿತವು ಇಳಿಯತೊಡಗುತ್ತದೆ. ಮೊದಲ ನಿಮಿಷದ ಇಳಿತವು ಮುಖ್ಯವಾಗಿ ವೇಗಸ್ ಎಂಬ ನರದಿಂದಾಗುವುದು. ಅದು ಹೃದಯಕ್ಕೆ ಕಡಿವಾಣದಂತಿರುವ ನರ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಕೋಲ್ ಮೊದಲಾದವರು ೨,೪೨೮ ಜನರನ್ನು ಪರೀಕ್ಷಿಸಿ, ಆರು ವರ್ಷಗಳ ಕಾಲ ಅನುಸರಿಸಿ, ೧೯೯೯ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲ ನಿಮಿಷದಲ್ಲಿ ೧೨ ಬಡಿತ ಅಥವಾ ಅದಕ್ಕಿಂತ ಕಡಿಮೆ ಇಳಿದವರು ೬೩೯ ಮಂದಿ. ವಯಸ್ಸು ಮೊದಲಾದ ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವರಲ್ಲಿ ಮರಣದ ಸಂಭವವು ಉಳಿದವರಿಗಿಂತ ಸುಮಾರು ಎರಡರಷ್ಟಿತ್ತು. ಏರುವ ನಾಡಿಗಿಂತ ಇಳಿಯಲೊಲ್ಲದ ನಾಡಿಯೇ ಹೆಚ್ಚು ಹೇಳುತ್ತದೆಂದಂತಾಯಿತು.

ಈ ಇಳಿತವನ್ನು ತ್ವರೆಗೊಳಿಸುವುದರಲ್ಲಿ ನಡಿಗೆ ಮೊದಲಾದ ದೀರ್ಘಶ್ರಮಗಳಿಗೆ ಹೆಚ್ಚಿನ ಆಧಾರವಿದೆ; ಭಾರಶ್ರಮವೊಂದರಿಂದಲೇ ದೊರೆತ ಫಲಗಳು ಏಕರೂಪವಾಗಿಲ್ಲ. ಆದುದರಿಂದ ಭಾರವು ನಡಿಗೆಗೆ ಸಹಕಾರಿಯೇ ಹೊರತು ಪ್ರತಿನಿಧಿಯಲ್ಲ. ಸೋಮೇಶ್ವರನು ಭಾರಶ್ರಮದ ಜೊತೆಯಲ್ಲಿ ಭ್ರಮಣವನ್ನೂ ಸಲಿಲವನ್ನೂ ಇರಿಸಿದುದು ಈ ದೃಷ್ಟಿಯಿಂದಲೂ ಸಮಂಜಸ. ಶ್ರಮವನ್ನು ಥಟ್ಟನೆ ನಿಲ್ಲಿಸಿದರೆ ಕಾಲುಗಳಲ್ಲಿ ರಕ್ತವು ತಂಗಿ ತಲೆಸುತ್ತು ಬರಬಹುದು. ಮೆಲ್ಲನೆ ಅಡ್ಡಾಡಿ ಮುಗಿಸುವುದು ಉಚಿತ.

೭. ರಕ್ತಪಿತ್ತಶಬ್ದದ ವಿಚಾರ

ಈಗ ಒಂದು ಆಕ್ಷೇಪ. ವ್ಯಾಯಾಮವನ್ನು ವರ್ಜಿಸಬೇಕಾದವರ ಪಟ್ಟಿಯಲ್ಲಿ ಸುಶ್ರುತನು ರಕ್ತಪಿತ್ತಿಯನ್ನು ಮೊದಲು ಹೇಳಿದ್ದಾನೆ. ರಕ್ತಪಿತ್ತವೆಂದರೆ ರಕ್ತದ ಒತ್ತಡವೇ. ಆದುದರಿಂದ ಒತ್ತಡವುಳ್ಳವನಿಗೆ ವ್ಯಾಯಾಮವು ನಿಷಿದ್ಧ ಎಂದು ಪೂರ್ವಪಕ್ಷ.

ಇದು ಶಬ್ದಸಾಮ್ಯದಿಂದಾದ ಭ್ರಮೆ. ಸಂಹಿತೆಗಳಲ್ಲಿ ರಕ್ತಪಿತ್ತವೆಂದರೆ ಮೂಗು, ಬಾಯಿ ಮೊದಲಾದ ಊರ್ಧ್ವಮಾರ್ಗಗಳಿಂದಲೋ ಅಧೋಮಾರ್ಗಗಳಿಂದಲೋ ರಕ್ತವು ಸ್ರವಿಸುವ ವ್ಯಾಧಿ. ರಕ್ತದ ಒತ್ತಡವಾದರೋ ಬಹುಕಾಲ ಯಾವ ಚಿಹ್ನೆಯನ್ನೂ ತೋರದೆ ಯಂತ್ರಕ್ಕೆ ಮಾತ್ರ ಗೋಚರಿಸುವುದು. ಕಣ್ಣಿಗೆ ಕಾಣುವ ಸ್ರಾವವೂ ಕಾಣದ ಒತ್ತಡವೂ ಒಂದೇ ಆಗಲಾರವು. ಪ್ರಾಚೀನರು ಅಳೆಯದುದನ್ನು ಅವರು ಹೇಳಿದರೆನ್ನುವುದು ಅವರಿಗೆ ಗೌರವವಲ್ಲ. ಅವರು ಪ್ರಮಾಣವನ್ನು ಕಂಡರು. ಒತ್ತಡವನ್ನು ಕಂಡವರು ಈಚಿನವರು. ರಕ್ತಪಿತ್ತದ ನಿಷೇಧವನ್ನು ಒತ್ತಡಕ್ಕೆ ಅನ್ವಯಿಸಿ ರೋಗಿಯನ್ನು ನಿಶ್ಚೇಷ್ಟನಾಗಿ ಕೂಡಿಸಿದರೆ ಅವನಿಗೆ ಹಿತವಾದ ಸಾಧನವೊಂದನ್ನು ಕಿತ್ತುಕೊಂಡಂತಾಗುತ್ತದೆ.

೮. ಉಪಸಂಹಾರ

ಅಮೆರಿಕದ ಹೃದಯಸಂಘವು ೨೦೦೭ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ, ಆರಂಭದ ಭಾರವು ಒಬ್ಬನು ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠಭಾರದ ೧೦೦ರಲ್ಲಿ ೩೦ರಿಂದ ೪೦ ತೋಳುಗಳಿಗೆ, ೫೦ರಿಂದ ೬೦ ಕಾಲುಗಳಿಗೆ ಎಂದು ಸೂಚಿತವಾಗಿದೆ. ವಾರಕ್ಕೆ ಎರಡು ಮೂರು ದಿನ, ದಮ್ಮುಕಟ್ಟದೆ, ಎತ್ತುವಾಗ ಉಸಿರನ್ನು ಬಿಡುತ್ತ, ಇಳಿಸುವಾಗ ಒಳಗೆ ತೆಗೆದುಕೊಳ್ಳುತ್ತ ಮಾಡತಕ್ಕದ್ದು. ಈ ಅಂಕಿಗಳು ಅರ್ಧದ ಆಸುಪಾಸಿನಲ್ಲಿಯೇ ಸುಳಿಯುತ್ತಿರುವುದು ಸ್ಪಷ್ಟ. ಆದರೂ ಎರಡು ಅರ್ಧಗಳನ್ನು ಏಕವೆಂದು ಸಾಧಿಸಹೋಗಬಾರದು. ಒಂದು ಅರ್ಧವು ಲೋಹದ ತೂಕದಿಂದ ಲೆಕ್ಕಮಾಡಿದುದು, ಮತ್ತೊಂದು ದೇಹದ ಅನುಭವದಿಂದ ಗುರುತಿಸಿದುದು. ಎರಡೂ ದಾರಿಗಳು ಒಂದೇ ಊರಿನ ಕಡೆಗೆ ಹೋಗುತ್ತವೆಂದಷ್ಟು ಹೇಳಿದರೆ ಸಾಕು.

ನಿಷೇಧವೂ ಉಂಟು. ಒತ್ತಡವು ೧೮೦ ಮತ್ತು ೧೧೦ನ್ನು ಮೀರಿ ಹತೋಟಿಗೆ ಬಾರದವನು, ಎದೆನೋವು ಸ್ಥಿರವಾಗದವನು, ಹೃದಯವು ಸೋತು ಉಬ್ಬಸಪಡುತ್ತಿರುವವನು, ನಾಡಿಯ ಗತಿಯು ಕೆಟ್ಟು ಹತೋಟಿ ತಪ್ಪಿದವನು, ಮಹಾಧಮನಿಯ ಕವಾಟವು ಬಹಳ ಕಿರಿದಾಗಿ ಬಾಧೆಪಡುವವನು, ಇವರು ವೈದ್ಯನು ಒಪ್ಪುವವರೆಗೆ ಭಾರವನ್ನು ಮುಟ್ಟತಕ್ಕದ್ದಲ್ಲ. ಔಷಧವನ್ನು ಸೇವಿಸುತ್ತಿರುವವನು ವ್ಯಾಯಾಮವನ್ನು ಹಿಡಿದೆನೆಂದು ಔಷಧವನ್ನು ತಾನಾಗಿ ಬಿಡಲೂ ಕೂಡದು. ಎತ್ತುವಾಗ ಎದೆಯಲ್ಲಿ ನೋವು, ಕಣ್ಣುಕತ್ತಲೆ, ಮಿತಿಮೀರಿದ ಏದುಸಿರು ತೋರಿದರೆ ಅದು ಬಲಾರ್ಧವಲ್ಲ, ಅದನ್ನು ದಾಟಿದುದರ ಗುರುತು.

ಹೀಗೆ ವಿಚಾರಿಸಲಾಗಿ, ಭಾರವನ್ನು ಮುಟ್ಟಲೇ ಕೂಡದೆಂಬ ಪಕ್ಷವೂ, ಎತ್ತಿದಷ್ಟೂ ಒಳ್ಳೆಯದೆಂಬ ಪಕ್ಷವೂ ನಿಲ್ಲುವುದಿಲ್ಲ. ಭಾರವು ಸ್ವತಃ ಹಿತವೂ ಅಲ್ಲ, ಅಹಿತವೂ ಅಲ್ಲ. ಎತ್ತುವವನ ಬಲ, ಅವನು ಬಳಸಿದ ಅಂಶ, ಅವನ ಉಸಿರು ಇವು ಮೂರು ಸೇರಿ ಅದನ್ನು ಔಷಧವನ್ನಾಗಿಯೋ ಶಸ್ತ್ರವನ್ನಾಗಿಯೋ ಮಾಡುತ್ತವೆ. ಸೂಳೆಕೆರೆಯ ಸೀಮೆಯಲ್ಲಿ ಚೀಲವನ್ನು ಹೊರುವವನಿಗೂ, ಗರಡಿಯಲ್ಲಿ ಗುಂಡನ್ನೆತ್ತುವವನಿಗೂ, ಹೃದ್ರೋಗದಿಂದ ಚೇತರಿಸಿಕೊಂಡು ಮತ್ತೆ ಕೊಡವನ್ನೆತ್ತಲು ಅಂಜುವವನಿಗೂ ನಿಯಮವು ಒಂದೇ: ಬಾಯಿಗೆ ಬರುವ ಉಸಿರನ್ನು ತಡೆಯಬಾರದು, ಅದು ಹೇಳಿದಾಗ ನಿಲ್ಲಬೇಕು.